ಕ್ಲಿಪ್ ತೆಗೆದ ಕೂಡ್ಲೇ ಎನ್ಯಾ 19 ನಿಲ್ತಿದೆ, ಎಂತ ಮಾಡದು?

ಜಗಲಿಕಟ್ಟೆ (ತೀರ್ಥಹಳ್ಳಿ):
ಮಾಡೆಲ್ ವಿಮಾನದ ಗ್ಲೋ ಎಂಜಿನ್ (ಪ್ಲಗ್‌ನ ಕೆಂಪಗಾದ ತಂತಿಯಿಂದ ಫ್ಯೂಯೆಲ್ ಹತ್ತೋ ಪುಟ್ಟ ಎಂಜಿನ್), 9 ಇಂಚಿನ ಪ್ರೊಪೆಲ್ಲರ್. ಬೇಸಿಗೆಯಲ್ಲಿ ಒಂದೇ ಏಟಿಗೆ ಸ್ಟಾರ್ಟ್ ಆಗ್ತಿತ್ತು. ಈಗ ಪ್ಲಗ್‌ಗೆ ಬ್ಯಾಟರಿ ಕ್ಲಿಪ್ ಇದ್ದಷ್ಟು ಹೊತ್ತು ಓಡುತ್ತೆ, ತೆಗೆದ್ರೆ ಗೊರಗೊರ ಅಂದು ಬಂದ್. ಪ್ಲಗ್ ಬಿಚ್ಚಿ ನೋಡ್ದೆ, ತಂತಿ ಕೆಂಡದ ಹಾಗೆ ಕೆಂಪಗಾಗುತ್ತೆ. ನೀಡಲ್ (ಫ್ಯೂಯೆಲ್ ಹರಿವು ಹೊಂದಿಸೋ ಸ್ಕ್ರೂ) ಸ್ವಲ್ಪ ಸ್ವಲ್ಪವೇ ಬಿಗಿ ಮಾಡ್ತಾ ಬಂದೆ, ಉಪಯೋಗ ಇಲ್ಲ. ಈ ಮಳೇಲಿ ತೋಟಕ್ಕೂ ಹೋಗೋ ಹಾಗಿಲ್ಲ, ಮೂರು ದಿನದಿಂದ ಇದೇ ಕೆಲಸ.

ಹಳೇಪಿಸ್ಟನ್ (ಶಿವಮೊಗ್ಗ):
ಫ್ಯೂಯೆಲ್ ಯಾವಾಗಿನದು? ಕ್ಯಾನಲ್ಲಿ ಎಷ್ಟು ಉಳಿದಿದೆ?

ಜಗಲಿಕಟ್ಟೆ:
ಯುಗಾದಿ ಹೊತ್ತಿಗೆ ತಂದಿದ್ದು ಅಣ್ಣ. ಒಂದು ಲೀಟರಲ್ಲಿ ಕಾಲು ಭಾಗ ಇದೆ. ಮುಚ್ಚಳದ ವಾಷರ್ ಎಲ್ಲೋ ಬಿದ್ದುಹೋಗಿದೆ.

ಹಳೇಪಿಸ್ಟನ್:
ಸಿಕ್ತು ನೋಡಿ. ಈ ಫ್ಯೂಯೆಲ್ ಅಂದ್ರೆ ಮುಖ್ಯವಾಗಿ ಮೆಥನಾಲ್, ಜೊತೆಗೆ ಹರಳೆಣ್ಣೆ. ಕ್ಲಿಪ್ ತೆಗೆದ ಮೇಲೆ ತಂತಿ ಕೆಂಪಗೆ ಉಳಿಯೋದು ಬ್ಯಾಟರಿಯಿಂದ ಅಲ್ಲವಲ್ಲ. ತಂತಿಯ ಪ್ಲಾಟಿನಂಗೆ ಮೆಥನಾಲ್ ಆವಿ ತಾಗಿದಾಗ ಹುಟ್ಟೋ ಬಿಸಿ, ಜೊತೆಗೆ ಸಿಲಿಂಡರ್ ಒಳಗಿನ ಉರಿ, ಇವೆರಡೇ ಅದನ್ನ ಕೆಂಪಗೆ ಇಡೋದು. ಮೆಥನಾಲ್ ಗಾಳೀಲಿರೋ ತೇವ ಹೀರ್ಕೊಳ್ಳುತ್ತೆ. ಮುಚ್ಚಳ ಸಡಿಲ, ಮುಕ್ಕಾಲು ಕ್ಯಾನ್ ಬರೀ ಗಾಳಿ, ಅದೂ ನಿಮ್ಮೂರಿನ ಮಳೆಗಾಲದ ಗಾಳಿ! ಡಬ್ಬಿಯೊಳಗಿನ ಹಪ್ಪಳವೇ ಮೆತ್ತಗಾಗೋ ಕಾಲ. ನೀರು ಸೇರಿದ ಫ್ಯೂಯೆಲ್ ಹೋದ್ರೆ ತಂತಿ ತಣ್ಣಗಾಗುತ್ತೆ.

ಸೀಲ್ ಒಡೆಯದ ಹೊಸ ಕ್ಯಾನ್ ಹಾಕಿ ನೋಡಿ. ನೀಡಲ್ ಮೊದಲಿನ ಜಾಗಕ್ಕೆ ತನ್ನಿ, ಇಲ್ಲದಿದ್ರೆ ಎಂಜಿನ್ ಸುಮ್ನೆ ಬಿಸಿಯಾಗುತ್ತೆ. ಆಗಲೂ ನಿಂತ್ರೆ ಪ್ಲಗ್ ಬದಲಿಸಿ. ಕೆಂಪಗಾಗೋ ಪ್ಲಗ್ ಎಲ್ಲ ಒಳ್ಳೇ ಪ್ಲಗ್ ಅಲ್ಲ.

ಕಾಡುಕೋಳಿ (ಸಾಗರ):
ಹಳೇದನ್ನ ಒಲೆ ಹತ್ರ ಬೆಚ್ಚಗಿಟ್ರೆ ನೀರು ಆರಲ್ವಾ?

ಹಳೇಪಿಸ್ಟನ್:
ಬೇಡ ಮಾರಾಯ್ರೇ! ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತೆ, ನೀರು 100ಕ್ಕೆ. ಮೊದಲು ಹೋಗೋದು ಮೆಥನಾಲ್, ಉಳಿಯೋದು ನೀರು ಮತ್ತೆ ಹರಳೆಣ್ಣೆ. ಹತ್ತಿಕೊಂಡ್ರೆ ಹಗಲಲ್ಲಿ ಅದರ ಉರಿ ಕಣ್ಣಿಗೇ ಕಾಣಲ್ಲ. ಒಲೆ ಮೇಲಿನ ಅಟ್ಟದಲ್ಲಿ ಎಂಜಿನ್ ಬೇಕಾದ್ರೆ ಇಡಿ, ಅದೂ ಒಳಗಿನ ಫ್ಯೂಯೆಲ್ ಪೂರ್ತಿ ಓಡಿಸಿ ಖಾಲಿ ಮಾಡಿ, ನಾಲ್ಕು ತೊಟ್ಟು ಎಣ್ಣೆ ಬಿಟ್ಟು.

ಜಗಲಿಕಟ್ಟೆ:
ಭಾವನ ಕಾರಲ್ಲಿ ಹೊಸ ಕ್ಯಾನ್ ಬಂತು. ಇವತ್ತು ಬೆಳಿಗ್ಗೆ ಕೊಟ್ಟಿಗೆ ಮಾಡಿನ ಕೆಳಗೆ ಸ್ಟ್ಯಾಂಡ್ ಇಟ್ಟು ಸ್ಟಾರ್ಟ್ ಮಾಡ್ದೆ. ಕ್ಲಿಪ್ ತೆಗೆದ್ರೂ ಸದ್ದು ಒಂಚೂರೂ ಇಳೀಲಿಲ್ಲ. ಪ್ಲಗ್ ಅದೇ ಹಳೇದು. ಒಳಗಿದ್ದ ದನಗಳೆಲ್ಲ ಎದ್ದು ನಿಂತ್ವು, ಅಮ್ಮ ಬೈತಿದಾರೆ. ಮುಂದಿನ ಸಲ ಗದ್ದೆ ಬದಿಗೆ ಹೋಗ್ತೀನಿ.