ಇಳಾ ಭಟ್ ಬಗ್ಗೆ ಮಾತಾಡುವಾಗ ಪ್ರಶಸ್ತಿಗಳನ್ನು ಬಿಟ್ಟು ಏನು ಹೇಳಬೇಕು?

ಪ್ರಶ್ನೆ (ಹಾವೇರಿ)

ನಮ್ಮ ಮಹಿಳಾ ಸಂಘದಲ್ಲಿ, ಸ್ವಂತ ದುಡಿಮೆಯ ಹೆಂಗಸರ ಸಂಘ ‘ಸೇವಾ’ (SEWA) ಕಟ್ಟಿದ ಇಳಾ ಭಟ್ ಅವರ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಬೇಕಿದೆ. ಕೇಳುವವರು ಹೆಚ್ಚಾಗಿ ಸಂತೆಯಲ್ಲಿ ತರಕಾರಿ ಮಾರುವವರು, ಮನೆಯಲ್ಲೇ ಹೊಲಿಗೆ ಮಾಡುವವರು. ಹುಡುಕಿದರೆ ಸಿಗುವುದು 1977ರ ಮ್ಯಾಗ್ಸೆಸೆ, 1986ರ ಪದ್ಮಭೂಷಣ, ಇಷ್ಟೇ. ಅವರು ಕೆಲಸ ಮಾಡಿದ್ದು ಹೇಗೆ, ತಡೆ ಎಲ್ಲಿ ಬಂತು ಅನ್ನುವುದು ಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಉತ್ತರ (ಧಾರವಾಡ)

ಹುಟ್ಟಿದ ವರ್ಷದಿಂದ ಶುರು ಮಾಡಬೇಡಿ, ಅಹಮದಾಬಾದಿನ ಬಟ್ಟೆ ಮಾರುಕಟ್ಟೆಯಿಂದ ಶುರು ಮಾಡಿ. ಹಿನ್ನೆಲೆಗೆ ಇಷ್ಟು ಸಾಕು: ಕಾನೂನು ಓದಿದವರು, 1955ರಲ್ಲಿ ಅಲ್ಲಿನ ಜವಳಿ ಕಾರ್ಮಿಕರ ಸಂಘದ ಕಾನೂನು ವಿಭಾಗಕ್ಕೆ ಸೇರಿದರು, 1968ರಲ್ಲಿ ಅದರ ಮಹಿಳಾ ವಿಭಾಗದ ಹೊಣೆ ಬಂತು.

1971ರಲ್ಲಿ ಬಟ್ಟೆಯ ಹೊರೆ ಹೊರುವ ಹಮಾಲಿ ಹೆಂಗಸರ ಕೂಲಿ ವಿಚಾರ ಅವರ ಮುಂದೆ ಬಂತು. ದೂರ ಎಷ್ಟೇ ಇರಲಿ, ಭಾರ ಎಷ್ಟೇ ಇರಲಿ, ಒಂದು ಸರತಿಗೆ ಇಷ್ಟು ಅಂತ ಕೊಡುತ್ತಿದ್ದರು. ಎಷ್ಟು ಸರತಿ ಹೊತ್ತರು ಅನ್ನುವುದಕ್ಕೆ ಬರಹವೇ ಇರಲಿಲ್ಲ, ಹಾಗಾಗಿ ಆ ದುಡ್ಡೂ ಪೂರ್ತಿ ಕೈಗೆ ಬರುತ್ತಿರಲಿಲ್ಲ. ಇಳಾಬೆನ್ ಇದನ್ನು ಪತ್ರಿಕೆಯಲ್ಲಿ ಬರೆದರು. ವ್ಯಾಪಾರಿಗಳು ಸುಮ್ಮನಿರದೆ, ತಾವು ನ್ಯಾಯವಾಗಿಯೇ ಕೂಲಿ ಕೊಡುತ್ತಿದ್ದೇವೆ ಎಂದು ಪತ್ರಿಕೆಯಲ್ಲೇ ಉತ್ತರ ಕೊಟ್ಟರು. ಆಗ ಇವರು ಮಾಡಿದ್ದು ನೋಡಿ: ವ್ಯಾಪಾರಿಗಳ ಅದೇ ಹೇಳಿಕೆಯನ್ನು ಚಿಕ್ಕ ಕಾರ್ಡುಗಳಲ್ಲಿ ಅಚ್ಚು ಹಾಕಿಸಿ ಹಮಾಲಿ ಹೆಂಗಸರ ಕೈಗೆ ಕೊಟ್ಟರು. ‘ನೀವೇ ಹೇಳಿದ್ದು ಇದು, ಈಗ ಕೊಡಿ’ ಅಂತ ಕೇಳಲು ಒಂದು ಕಾಗದ ಸಿಕ್ಕಿತು. ಮಾತಿನಲ್ಲಿ ಇದಕ್ಕೇ ಐದು ನಿಮಿಷ ಇಡಿ. ಅವರ ಮುಂದಿನ ಕೆಲಸವೆಲ್ಲ ಇದೇ ದಾರಿ ಹಿಡಿದಿದೆ: ಲೆಕ್ಕಕ್ಕೇ ಇಲ್ಲದ ಹೆಂಗಸಿನ ಹೆಸರು ಕಾಗದದ ಮೇಲೆ ಬರಬೇಕು.

ಉತ್ತರ (ಬೆಂಗಳೂರು)

ಸಂಘದ ನೋಂದಣಿ ವಿಷಯ ಮರೆಯಬೇಡಿ. ‘ಸೇವಾ’ ಹುಟ್ಟಿದ್ದು 1971ರ ಡಿಸೆಂಬರಿನಲ್ಲಿ, ಕಾರ್ಮಿಕ ಸಂಘವಾಗಿ ನೋಂದಣಿ ಆದದ್ದು 1972ರ ಏಪ್ರಿಲಿನಲ್ಲಿ. ನಡುವೆ ಕಾರ್ಮಿಕ ಇಲಾಖೆಯ ತಕರಾರು ಇತ್ತು: ಈ ಹೆಂಗಸರಿಗೆ ಮಾಲೀಕನೇ ಇಲ್ಲ, ಮಾಲೀಕನಿಲ್ಲದ ಮೇಲೆ ಕಾರ್ಮಿಕ ಸಂಘ ಯಾರ ವಿರುದ್ಧ? ಸಂಘ ಇರುವುದು ಕಾರ್ಮಿಕರು ಒಂದಾಗುವುದಕ್ಕೆ, ಎದುರಾಳಿ ಇರಲೇಬೇಕು ಅಂತೇನಿಲ್ಲ ಅನ್ನುವುದು ಇಳಾಬೆನ್ ವಾದ. ಅದು ಗೆದ್ದಿತು. ತರಕಾರಿ ಮಾರುವವಳು, ಚಿಂದಿ ಬಟ್ಟೆಯಲ್ಲಿ ಕೌದಿ ಹೊಲಿಯುವವಳು, ಕಾಗದ ಆಯುವವಳು ಎಲ್ಲರೂ ‘ಕಾರ್ಮಿಕರು’ ಆದದ್ದು ಹೀಗೆ.

1981 ಕೂಡ ಹೇಳಲೇಬೇಕು. ವೈದ್ಯಕೀಯ ಕಾಲೇಜುಗಳಲ್ಲಿ ದಲಿತರ ಮೀಸಲಾತಿ ವಿರೋಧಿಸಿ ಗಲಭೆ ಎದ್ದಾಗ ಅವರು ದಲಿತರ ಪರ ಬಹಿರಂಗವಾಗಿ ನಿಂತರು. ಮಾತೃಸಂಘವಾಗಿದ್ದ ಜವಳಿ ಕಾರ್ಮಿಕರ ಸಂಘ ಸೇವಾವನ್ನು ಹೊರಹಾಕಿತು. ಅವರನ್ನು ಬರೀ ಸೌಮ್ಯ ಗಾಂಧಿವಾದಿ ಎಂದು ಚಿತ್ರಿಸುವವರು ಈ ಭಾಗವನ್ನು ಬಿಟ್ಟುಬಿಡುತ್ತಾರೆ, ಅದು ತಪ್ಪು.

ಪ್ರಶ್ನೆ ಕೇಳಿದವರು (ಹಾವೇರಿ)

ತುಂಬಾ ಉಪಯೋಗ ಆಯ್ತು. ಬ್ಯಾಂಕಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀರಾ? ನಮ್ಮವರಿಗೆ ಉಳಿತಾಯದ ಮಾತು ಬೇಗ ಹತ್ತುತ್ತದೆ.

ಉತ್ತರ (ಶಿವಮೊಗ್ಗ)

ಮೊದಲು ಸ್ವಂತ ಬ್ಯಾಂಕಿನ ಯೋಚನೆ ಇರಲಿಲ್ಲ, ರಾಷ್ಟ್ರೀಕೃತ ಬ್ಯಾಂಕುಗಳಿಂದ ಸಾಲ ಕೊಡಿಸಲು ನೋಡಿದರು. ಮೂರು ಕಡೆ ಸಿಕ್ಕಿಹಾಕಿಕೊಂಡಿತು. ಬ್ಯಾಂಕ್ ತೆರೆದಿರುವ ಹೊತ್ತೇ ಇವರ ವ್ಯಾಪಾರದ ಹೊತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಮಾಸಿದ ಸೀರೆಯಲ್ಲಿ ಬಂದವರನ್ನು ಸಿಬ್ಬಂದಿ ಸರಿಯಾಗಿ ಮಾತಾಡಿಸುತ್ತಿರಲಿಲ್ಲ. ಸಹಿ ಬರುತ್ತಿರಲಿಲ್ಲ.

1974ರಲ್ಲಿ ಸುಮಾರು 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ಸಹಕಾರಿ ಬ್ಯಾಂಕ್ ಕಟ್ಟಿದರು. ಸಹಿಯ ತೊಡಕಿಗೆ ಪರಿಹಾರ ಫೋಟೊ: ಖಾತೆ ನಂಬರ್ ಬರೆದ ಸ್ಲೇಟನ್ನು ಎದೆಯ ಮುಂದೆ ಹಿಡಿದು ತೆಗೆಸಿದ ಫೋಟೊವೇ ಗುರುತು. ಸಾಲ ಕಟ್ಟಲಾಗದವರ ಕಾರಣ ಹುಡುಕಿದಾಗ ಕಾಯಿಲೆ, ಹೆರಿಗೆ, ಸಾವು ಎದುರಾದವು. ಹೆರಿಗೆ ನೆರವು, ಆರೋಗ್ಯ, ವಿಮೆ ಎಲ್ಲ ಆಮೇಲೆ ಸೇರಿಕೊಂಡದ್ದು ಅದಕ್ಕೇ. ಬಾಕಿದಾರರ ಪಟ್ಟಿಯನ್ನು ಬೈಯಲು ಬಳಸದೆ ಕಾರಣ ತಿಳಿಯಲು ಬಳಸಿದರು, ನಿಮ್ಮ ಸಂಘದ ಲೆಕ್ಕ ಬರೆಯುವವರಿಗೆ ಇದನ್ನು ಖಂಡಿತ ಹೇಳಿ.

ಉತ್ತರ (ಧಾರವಾಡ)

ಕೊನೆಗೆ ನಿಮ್ಮವರಿಗೆ ನೇರ ಸಂಬಂಧಿಸಿದ್ದು. ಸೇವಾ ಸೇರಿದಂತೆ ಹಲವು ಸಂಘಟನೆಗಳ ಹೋರಾಟದಿಂದ 2014ರಲ್ಲಿ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಬಂತು, ನಮ್ಮ ಊರುಗಳಿಗೂ ಅನ್ವಯಿಸುತ್ತದೆ.

ಊರಿನ ಬೀದಿ ವ್ಯಾಪಾರದ ವಿಚಾರ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40 ಮಂದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಆಮೇಲೂ 30 ದಿನದ ನೋಟಿಸ್ ಬೇಕು. ಸರಕು ಜಪ್ತಿ ಮಾಡಿದರೆ ಪಟ್ಟಿಯ ಪ್ರತಿ ಕೇಳಿ ಪಡೆಯಬೇಕು. ಸೊಪ್ಪು ತರಕಾರಿಯಂಥ ಕೆಡುವ ಸರಕನ್ನು ಕೇಳಿದ ದಿನವೇ, ಕೆಡದ ಸರಕನ್ನು ಎರಡು ಕೆಲಸದ ದಿನದೊಳಗೆ ಬಿಡಬೇಕು (ಶುಲ್ಕ ಕಟ್ಟಬೇಕಾಗಬಹುದು). ಪಟ್ಟಿ ಕೈಯಲ್ಲಿಲ್ಲದಿದ್ದರೆ ಎಷ್ಟು ಬುಟ್ಟಿ ಹೋಯಿತು ಅಂತ ತೋರಿಸಲು ಆಧಾರವೇ ಇರುವುದಿಲ್ಲ.

ಸಮೀಕ್ಷೆಯವರು ಬಂದಾಗ ಗಂಡನ ಹೆಸರು ಬರೆಸಬೇಡಿ. ದಿನಾ ಕೂತು ಮಾರುವವಳ ಹೆಸರೇ ಇರಲಿ. ಮನೆಯವರು ನೆರವಾಗಿ ಕೂರಲು ಕಾಯ್ದೆ ಹೇಗೂ ಒಪ್ಪುತ್ತದೆ.

ಉತ್ತರ (ಮಂಗಳೂರು)

ಹೊಲಿಗೆಯವರಿಗೆ ಒಂದು ಸಾಲು ಸೇರಿಸಿ. ಮನೆಯಲ್ಲೇ ತುಂಡಿನ ಲೆಕ್ಕದಲ್ಲಿ ದುಡಿಯುವವರಿಗಾಗಿ 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 177ನೇ ಒಡಂಬಡಿಕೆ ಅಂಗೀಕರಿಸಿತು, ಅದರ ಹಿಂದೆಯೂ ಸೇವಾದ ಶ್ರಮ ಇದೆ. ಭಾರತ ಅದಕ್ಕೆ ಅನುಮೋದನೆ ಕೊಟ್ಟಿಲ್ಲ. ಅಲ್ಲಿಯ ತನಕ ಎಷ್ಟು ತುಂಡು ಕೊಟ್ಟರು, ಎಷ್ಟು ವಾಪಸ್ ಹೋಯಿತು, ಎಷ್ಟನ್ನು ತಿರಸ್ಕರಿಸಿದರು, ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಸರಕು ತರುವವರಿಂದ ಸಹಿ ಹಾಕಿಸಿಕೊಳ್ಳಲಿ.