ದವಡೆ ಕೀಲಿನ ನೋವು, ಬಿಗಿತ: ಫಿಸಿಯೋಥೆರಪಿ ಮಾಡಿಸಿಕೊಂಡವರ ಅನುಭವ ಬೇಕಾಗಿದೆ

ಪ್ರಶ್ನೆ (ದಾವಣಗೆರೆ, ವಿದ್ಯಾನಗರದಿಂದ):

ನನ್ನ ತಂಗಿಗೆ 32 ವರ್ಷ. ಒಂದು ವರ್ಷದಿಂದ ಬಾಯಿ ತೆರೆದಾಗಲೆಲ್ಲ ಅವಳ ಎಡಗಿವಿಯ ಮುಂದೆ ‘ಟಕ್’ ಎಂದು ಸದ್ದಾಗುತ್ತಿತ್ತು. ಕಳೆದ ತಿಂಗಳು ಸದ್ದು ನಿಂತಿತು, ಅದರ ಜೊತೆಗೇ ಬಾಯಿ ಬಿಗಿಯಿತು. ಈಗ ಎರಡು ಬೆರಳು ಹಿಡಿಸುವಷ್ಟು ಮಾತ್ರ ತೆರೆಯುತ್ತದೆ. ಬೆಳಿಗ್ಗೆ ಏಳುವಾಗ ಕೆನ್ನೆಯೂ ಕಣತಲೆಯೂ ನೋಯುತ್ತವೆ. ದಂತವೈದ್ಯರು ದವಡೆ ಕೀಲಿನ ತೊಂದರೆಯೆಂದು ಹೇಳಿ, ಮಾತ್ರೆಯ ಜೊತೆಗೆ ಫಿಸಿಯೋಥೆರಪಿ ಬರೆದುಕೊಟ್ಟಿದ್ದಾರೆ. ಸೊಂಟಕ್ಕೆ, ಮೊಣಕಾಲಿಗೆ ಮಾಡುವುದನ್ನು ಕೇಳಿದ್ದೇವೆ. ದವಡೆಗೆ ಏನು ಮಾಡುತ್ತಾರೆ, ನೋವಾಗುತ್ತದೆಯೇ, ಎಷ್ಟು ದಿನ ಬೇಕು? ಅವಳು ಬಹಳ ಹೆದರಿದ್ದಾಳೆ. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಪ್ರೌಢಶಾಲಾ ಶಿಕ್ಷಕಿ, ದಾವಣಗೆರೆ:

ನಿಮ್ಮ ತಂಗಿಯ ವಿವರ ಓದುತ್ತಿದ್ದಂತೆ ಮೂರು ವರ್ಷದ ಹಿಂದಿನ ನನ್ನದೇ ಸ್ಥಿತಿ ಕಣ್ಣಿಗೆ ಕಟ್ಟಿತು. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ನಡೆಯುತ್ತಿದ್ದ ದಿನಗಳವು. ಬಲಗಿವಿಯ ನೋವೆಂದು ಒಂದು ಕ್ಲಿನಿಕ್ಕಿಗೆ ಹೋದೆ. ಅಲ್ಲಿ ಕೊಟ್ಟ ಹನಿ ಔಷಧಿಯನ್ನು ಎರಡು ವಾರ ಕಿವಿಗೆ ಹಾಕಿಕೊಂಡೆ, ಏನೂ ಪ್ರಯೋಜನವಾಗಲಿಲ್ಲ. ಆಮೇಲೆ ಕಿವಿ, ಮೂಗು, ಗಂಟಲು ತಜ್ಞರೊಬ್ಬರು ಕಿವಿಯಲ್ಲಿ ದೋಷವಿಲ್ಲವೆಂದು ಹೇಳಿ, ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಿಸಿ ನೋಡಿ, ದಂತ ಕಾಲೇಜಿನ ಆಸ್ಪತ್ರೆಗೆ ಕಳುಹಿಸಿದರು. ನಮ್ಮ ಊರಿನಲ್ಲಿ ಎರಡು ದಂತ ಕಾಲೇಜುಗಳಿರುವುದು ಇಂಥ ಸಮಯದಲ್ಲಿ ದೊಡ್ಡ ಅನುಕೂಲ.

ಅಲ್ಲಿ ಮೊದಲು ಮಾಡಿದ್ದು ಅಳತೆ. ಮೇಲಿನ ಮತ್ತು ಕೆಳಗಿನ ಮುಂಬಲ್ಲುಗಳ ಅಂಚುಗಳ ನಡುವೆ ಸ್ಕೇಲ್ ಹಿಡಿದು, ನನ್ನ ಬಾಯಿ 27 ಮಿಲಿಮೀಟರ್ ತೆರೆಯುತ್ತದೆ ಎಂದು ಬರೆದುಕೊಂಡರು. ಆರೋಗ್ಯವಂತ ವಯಸ್ಕರಲ್ಲಿ ಇದು ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ಇರುತ್ತದೆ. ಅಂದರೆ ಅವರವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಬೇಕು. ಕಾರಣವನ್ನೂ ವೈದ್ಯೆ ತಾಳ್ಮೆಯಿಂದ ವಿವರಿಸಿದರು. ಕೆಳದವಡೆಯ ಗುಂಡು ತುದಿಗೂ ತಲೆಬುರುಡೆಯ ಗುಳಿಗೂ ನಡುವೆ ಮೆತ್ತೆಯಂಥ ಒಂದು ತೆಳು ಬಿಲ್ಲೆ ಇರುತ್ತದೆ. ಬಾಯಿ ತೆರೆಯುವಾಗ ಆ ತುದಿ ಮೊದಲು ಇದ್ದಲ್ಲೇ ತಿರುಗಿ, ನಂತರ ಬಿಲ್ಲೆಯ ಸಮೇತ ಮುಂದಕ್ಕೆ ಜಾರುತ್ತದೆ. ಬಿಲ್ಲೆ ಮೊದಲೇ ಮುಂದಕ್ಕೆ ಸರಿದಿದ್ದರೆ, ತುದಿಯು ಅದರ ಮೇಲೆ ಏರುವಾಗ ‘ಟಕ್’ ಎನ್ನುತ್ತದೆ. ಏರಲಾಗದೆ ಬಿಲ್ಲೆಯ ಹಿಂದೆಯೇ ಸಿಕ್ಕಿಕೊಂಡರೆ ಸದ್ದೂ ನಿಲ್ಲುತ್ತದೆ, ಬಾಯಿಯೂ ಅರ್ಧಕ್ಕೇ ನಿಲ್ಲುತ್ತದೆ. ಸದ್ದು ನಿಂತದ್ದನ್ನು ಗುಣವಾಯಿತೆಂದು ತಿಳಿದು ನಾನು ಸಂತೋಷಪಟ್ಟಿದ್ದೆ. ನಿಮ್ಮ ತಂಗಿಗೂ ಹೀಗೇ ಆಗಿರಬಹುದು. ಆದರೆ ಅದನ್ನು ಪರೀಕ್ಷಿಸಿದವರೇ ಹೇಳಬೇಕು.

ಫಿಸಿಯೋಥೆರಪಿಸ್ಟ್ ಮೊದಲ ದಿನ ದವಡೆಗಿಂತ ಹೆಚ್ಚಾಗಿ ನನ್ನ ಕುತ್ತಿಗೆಯನ್ನು ನೋಡಿದರು. ತಾಸುಗಟ್ಟಲೆ ತಲೆ ಮುಂದಕ್ಕೆ ಬಾಗಿಸಿ ಉತ್ತರಪತ್ರಿಕೆ ತಿದ್ದುವವರ ದವಡೆಯ ಸ್ನಾಯುಗಳ ಮೇಲೆ ಎಳೆತ ಬೀಳುತ್ತದೆ ಎಂಬುದು ನನಗೆ ಹೊಸ ಸಂಗತಿಯಾಗಿತ್ತು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಟವೆಲನ್ನು 15 ನಿಮಿಷ ಕೆನ್ನೆಗೆ ಇಟ್ಟು, ಕೆನ್ನೆಯ ದಪ್ಪ ಸ್ನಾಯುವನ್ನು ಹೊರಗಿನಿಂದಲೂ, ಕೈಗವಸು ಹಾಕಿದ ಬೆರಳಿನಿಂದ ಬಾಯೊಳಗಿನಿಂದಲೂ ನಿಧಾನವಾಗಿ ಒತ್ತಿದರು. ಅದು ನೋಯುತ್ತದೆ, ಸುಳ್ಳು ಹೇಳಲಾರೆ. ಗಂಟು ಕಟ್ಟಿದ ಮೀನಖಂಡವನ್ನು ಒತ್ತಿದಾಗ ಆಗುವಂಥ ನೋವು ಅದು, ತಡೆದುಕೊಳ್ಳಬಹುದು. ಅನಂತರ ಹೆಬ್ಬೆರಳನ್ನು ಕೆಳಗಿನ ಹಿಂದಿನ ದವಡೆಹಲ್ಲುಗಳ ಮೇಲಿಟ್ಟು, ಉಳಿದ ಬೆರಳುಗಳಿಂದ ಗಲ್ಲವನ್ನು ಹಿಡಿದು, ದವಡೆಯನ್ನು ಮೆಲ್ಲಗೆ ಕೆಳಕ್ಕೂ ಮುಂದಕ್ಕೂ ಎಳೆದು ಹಿಡಿದು ಬಿಟ್ಟರು. ಕೀಲಿನೊಳಗೆ ಸ್ವಲ್ಪ ಜಾಗ ಮಾಡುವ ಕ್ರಮವಿದು. ನನಗೆ ಭಯವಾದದ್ದು ಇದಕ್ಕೇ, ಆದರೆ ಹಗುರವೆನಿಸಿದ್ದೂ ಇದರಿಂದಲೇ. ಕೈ ಎತ್ತಿದರೆ ಆ ಕ್ಷಣವೇ ನಿಲ್ಲಿಸುವುದಾಗಿ ಅವರು ಮೊದಲೇ ಹೇಳಿದ್ದರು. ನಿಮ್ಮ ತಂಗಿಯೂ ಈ ಮಾತನ್ನು ಕೇಳಿಕೊಂಡೇ ಕುಳಿತುಕೊಳ್ಳಲಿ.

ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಕೊಟ್ಟರು (ಸ್ಕ್ಯಾನಿಂಗ್ ಅಲ್ಲ, ನೋವಿಗೆಂದು ಶಬ್ದತರಂಗ ಹಾಯಿಸುವುದು), ಸಣ್ಣ ವಿದ್ಯುತ್ ಹಾಯಿಸಿ ಜುಮುಗುಟ್ಟಿಸುವ ಟೆನ್ಸ್ ಪಟ್ಟಿಗಳನ್ನೂ ಅಂಟಿಸಿದರು. ಅವುಗಳಿಂದ ಆ ಸಂಜೆಯ ಮಟ್ಟಿಗೆ ನೋವು ತಗ್ಗುತ್ತಿತ್ತು. ಬಾಯಿ ತೆರೆಯುವಂತೆ ಮಾಡಿದ್ದು ಮಾತ್ರ ಕೈಯ ಚಿಕಿತ್ಸೆ ಮತ್ತು ಮನೆಯಲ್ಲಿ ಮಾಡಿದ ವ್ಯಾಯಾಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೋ ರೊಕಬಾಡೋ ಅವರ ಹೆಸರಿನಲ್ಲಿ ಬಳಕೆಯಲ್ಲಿರುವ ಕ್ರಮವನ್ನು ನನಗೆ ಕಲಿಸಿದರು: ಆರು ಬಗೆಯ ಚಲನೆಗಳು, ಒಂದೊಂದೂ 6 ಸಲ, ದಿನಕ್ಕೆ 6 ಬಾರಿ. ಎಲ್ಲಕ್ಕೂ ಬುನಾದಿ ನಾಲಿಗೆ ಇರಬೇಕಾದ ಜಾಗ. ‘ನ’ ಎನ್ನುವಾಗ ನಾಲಿಗೆಯ ತುದಿ ತಾಗುವ ಜಾಗಕ್ಕಿಂತ ತುಸು ಹಿಂದೆ, ಹಲ್ಲು ಮುಗಿದು ಅಂಗುಳ ಶುರುವಾಗುವ ದಿಣ್ಣೆಯಲ್ಲಿ ಅದು ನಿಲ್ಲಬೇಕು. ತುಟಿ ಮುಚ್ಚಿರಬೇಕು, ಹಲ್ಲುಗಳು ಒಂದಕ್ಕೊಂದು ತಾಗಿರಬಾರದು. ನಾಲಿಗೆ ಅಲ್ಲಿಂದ ಕದಲದಂತೆ ಎಷ್ಟು ತೆರೆಯುತ್ತದೋ ಅಷ್ಟೇ ಬಾಯಿ ತೆರೆದು ಮುಚ್ಚಬೇಕು. ಕನ್ನಡಿಯ ಮೇಲೆ ಕಾಡಿಗೆಯಿಂದ ಒಂದು ನೆಟ್ಟನೆಯ ಗೆರೆ ಎಳೆದುಕೊಂಡಿದ್ದೆ. ಮೊದಲ ವಾರ ನನ್ನ ಗಲ್ಲ ಆ ಗೆರೆಯನ್ನು ಬಿಟ್ಟು ಬಲಕ್ಕೆ, ನೋವಿನ ಕಡೆಗೇ ವಾಲುತ್ತಿತ್ತು. ಐದನೆಯ ವಾರದಲ್ಲಿ ಗೆರೆಯ ಮೇಲೆಯೇ ಇಳಿಯುವುದನ್ನು ಕಂಡಾಗ ಕಣ್ಣು ತುಂಬಿ ಬಂತು.

ಹಲ್ಲಿಗೆ ಹಲ್ಲು ತಾಗಬೇಕಾದದ್ದು ಅಗಿಯುವಾಗ ಮತ್ತು ನುಂಗುವಾಗ ಮಾತ್ರ. ನಾನು ದಿನವಿಡೀ ಕಚ್ಚಿಕೊಂಡೇ ಇರುತ್ತಿದ್ದೆ ಎಂಬುದು ಗೊತ್ತಾದದ್ದು ಒಂದು ಸಣ್ಣ ಉಪಾಯದಿಂದ. ಮೊಬೈಲಿನ ಹಿಂಬದಿಗೆ, ಕನ್ನಡಕದ ಡಬ್ಬಿಗೆ, ಅಡುಗೆಮನೆಯ ನಲ್ಲಿಯ ಪಕ್ಕಕ್ಕೆ ಒಂದೊಂದು ಕೆಂಪು ಬಿಂದಿ ಅಂಟಿಸಿದೆ. ಬಿಂದಿ ಕಂಡಾಗಲೆಲ್ಲ ಹಲ್ಲು ಬಿಡಿಸಿ, ಭುಜ ಇಳಿಸಿ, ಒಮ್ಮೆ ಉಸಿರು ಬಿಡುವುದು. ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವುದಕ್ಕೆ ದಂತವೈದ್ಯರು ಅಳತೆ ತೆಗೆದು ಸ್ಪ್ಲಿಂಟ್ (ಹಲ್ಲುಗಳ ಮೇಲೆ ಹಾಕಿಕೊಳ್ಳುವ ಕವಚ) ಮಾಡಿಕೊಟ್ಟರು.

ಆಹಾರದ ವಿಷಯದಲ್ಲಿ, ಖಡಕ್ ರೊಟ್ಟಿ, ಹುರಿದ ಶೇಂಗಾ, ಸಂಜೆಯ ಮಂಡಕ್ಕಿ ಇವನ್ನೆಲ್ಲ ಆರು ವಾರ ಬಿಟ್ಟೆ. ಅಗಿಯದೆ ನುಂಗುವ ರಾಗಿ ಮುದ್ದೆ ಆಗ ನನ್ನ ಕೈ ಹಿಡಿಯಿತು, ತುತ್ತು ಚಿಕ್ಕದಿರಬೇಕು ಅಷ್ಟೆ. ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿ ಆನಿಸಿ ಹಿಡಿಯುವುದನ್ನು ಇಂದಿಗೂ ಬಿಟ್ಟಿಲ್ಲ. ಆರು ವಾರದ ಕೊನೆಗೆ ಅಳತೆ 38ಕ್ಕೆ ಬಂತು. ಈಗಲೂ ಒಮ್ಮೊಮ್ಮೆ ಬಿಗಿಯುತ್ತದೆ. ಅಂಥ ದಿನ ಮತ್ತೆ ಬಿಸಿ ಟವೆಲ್ಲು, ಮತ್ತೆ ಕನ್ನಡಿ.

ಅಡಿಕೆ ಬೆಳೆಗಾರ, ಚಿತ್ರದುರ್ಗ ಜಿಲ್ಲೆ:

ಮೇಡಂ ಬರೆದದ್ದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ನಮ್ಮ ಭಾಗದಲ್ಲಿ ಬಾಯಿ ಬಿಗಿಯುವುದಕ್ಕೆ ಇನ್ನೊಂದು ಕಾರಣವಿದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ನನ್ನ ಬಾಯಿ ಬಿಗಿದಾಗ ನಾನೂ ಕೀಲಿನ ನೋವೆಂದೇ ತಿಳಿದು, ಯಾರಿಗೂ ತೋರಿಸದೆ, ಕೇಳಿದ ವ್ಯಾಯಾಮಗಳನ್ನು ನಾಲ್ಕು ತಿಂಗಳು ಮಾಡಿದೆ. ಕೊನೆಗೆ ದಂತವೈದ್ಯರು ಕೆನ್ನೆಯ ಒಳಗೆ ಬೆರಳಾಡಿಸಿ, ಹಗ್ಗದಂತೆ ಬಿಗಿದ ಬಿಳಿಚಿದ ಪಟ್ಟಿಗಳನ್ನು ನನಗೇ ಕನ್ನಡಿಯಲ್ಲಿ ತೋರಿಸಿದರು. ಇಪ್ಪತ್ತು ವರ್ಷ ಅಡಿಕೆ ಅಗಿದದ್ದರ ಫಲ. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಅದರ ಹೆಸರು. ಕೀಲಿನ ತೊಂದರೆಯಲ್ಲಿ ಕಿವಿಯ ಮುಂದೆ ನೋಯುತ್ತದೆ. ನನಗೆ ಖಾರ ತಾಗಿದರೆ ಬಾಯೆಲ್ಲ ಉರಿಯುತ್ತಿತ್ತು, ನೋವು ಅಷ್ಟಾಗಿ ಇರಲಿಲ್ಲ. ಇದು ಮುಂದೆ ಕ್ಯಾನ್ಸರಿಗೆ ತಿರುಗುವ ಅಪಾಯವಿರುವುದರಿಂದ, ಅಡಿಕೆ, ಗುಟ್ಕಾ ಅಭ್ಯಾಸವಿದ್ದವರು ಮೊದಲು ಬಾಯೊಳಗೆ ಪರೀಕ್ಷೆ ಮಾಡಿಸಿಕೊಳ್ಳಬೇಕು. ನನಗೂ ಬಾಯಿ ಹಿಗ್ಗಿಸುವ ವ್ಯಾಯಾಮ ಕೊಟ್ಟಿದ್ದಾರೆ, ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ವಾರಕ್ಕೊಂದು ಕಡ್ಡಿ ಹೆಚ್ಚಿಸುವುದು. ಅದನ್ನು ನೋಡಿ ಕೀಲು ನೋವಿನವರು ತಾವಾಗಿಯೇ ಮಾಡಬಾರದು. ಬೆಳೆಯುವವನಾಗಿ ಈ ಮಾತು ಹೇಳುವುದು ನನಗೆ ಸುಲಭವಲ್ಲ, ಆದರೂ ಹೇಳುತ್ತೇನೆ: ಅಗಿಯುವುದನ್ನು ಬಿಡದೆ ಯಾವ ಚಿಕಿತ್ಸೆಯೂ ಕೆಲಸ ಮಾಡುವುದಿಲ್ಲ.

ಫಿಸಿಯೋಥೆರಪಿಸ್ಟ್, ದಾವಣಗೆರೆ:

ದಿನಗಳ ಲೆಕ್ಕ ಕೇಳಿದ್ದೀರಿ. ಸಾಮಾನ್ಯವಾಗಿ ನಾನು ವಾರಕ್ಕೆ ಒಂದೋ ಎರಡೋ ಸಲ ಕರೆಯುತ್ತೇನೆ, ನಾಲ್ಕರಿಂದ ಆರು ವಾರದಲ್ಲಿ ಅಳತೆಯೂ ನೋವೂ ಸುಧಾರಿಸದಿದ್ದರೆ ಮತ್ತೆ ದಂತವೈದ್ಯರ ಬಳಿ ಕಳುಹಿಸುತ್ತೇನೆ. ಬೇಗ ಗುಣವಾಗಲೆಂದು ಬೆರಳಿನಿಂದ ಬಲವಂತವಾಗಿ ಬಾಯಿ ಅಗಲಿಸಿಕೊಂಡು ಬಂದವರಲ್ಲಿ ಸ್ನಾಯು ಇನ್ನಷ್ಟು ಬಿಗಿದಿರುವುದನ್ನು ಕಂಡಿದ್ದೇನೆ. ವ್ಯಾಯಾಮದ ನಂತರದ ನೋವು ಅರ್ಧ ತಾಸಿನೊಳಗೆ ಇಳಿಯದಿದ್ದರೆ ಮಾಡಿದ್ದು ಹೆಚ್ಚಾಯಿತೆಂದೇ ನಾನು ಹೇಳುವುದು. ಜ್ವರ ಅಥವಾ ಊತವಿದ್ದರೆ, ಮುಖ ಮರಗಟ್ಟಿದರೆ, ಪೆಟ್ಟು ಬಿದ್ದ ನಂತರ ನೋವು ಶುರುವಾಗಿದ್ದರೆ ಫಿಸಿಯೋಥೆರಪಿಗೆ ಮೊದಲು ವೈದ್ಯರು ನೋಡಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು ಬಂದು, ಅಗಿಯುವಾಗ ದವಡೆ ಸೋತರೆ ಅದೇ ದಿನ ತೋರಿಸಬೇಕು, ಏಕೆಂದರೆ ರಕ್ತನಾಳದ ಉರಿಯೂತವಾಗಿದ್ದರೆ ಕಣ್ಣಿಗೆ ಅಪಾಯವಿದೆ. ನಡೆದಾಗ ಅಥವಾ ಮೆಟ್ಟಿಲು ಹತ್ತಿದಾಗ ದವಡೆ ನೋಯುತ್ತಿದ್ದರೆ ಹೃದಯದ ಪರೀಕ್ಷೆಗೆ ತಡಮಾಡಬಾರದು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಮನಸಾರೆ ಕೃತಜ್ಞತೆಗಳು. ಮೇಡಂ ಅವರ ಉತ್ತರವನ್ನು ತಂಗಿಗೆ ಓದಿ ಹೇಳಿದೆ. ಕೈ ಎತ್ತಿದರೆ ನಿಲ್ಲಿಸುತ್ತಾರೆ ಎಂಬ ಮಾತನ್ನು ಎರಡು ಸಲ ಓದಿಸಿಕೊಂಡಳು. ಅವಳಿಗೆ ಅಡಿಕೆಯ ಅಭ್ಯಾಸವಿಲ್ಲ, ಖಾರಕ್ಕೆ ಉರಿಯೂ ಇಲ್ಲ. ಮಗಳ ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ತೊಳೆದು ನಿನ್ನೆ ರಾತ್ರಿ ಅಳೆದೆವು, 29 ಬಂತು. ಅದನ್ನು ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇವೆ. ಸೋಮವಾರ ಬೆಳಿಗ್ಗೆ ಹೋಗುತ್ತೇವೆ.