ಅಪ್ಪೆಮಿಡಿ ಉಪ್ಪಿನಕಾಯಿ ಮಳೆಗಾಲಕ್ಕೆ ಮೆತ್ತಗಾಗದಂತೆ ಹಾಕುವುದು ಹೇಗೆ?

ಪ್ರಶ್ನೆ (ಭರಣಿ):
1 ಕಿಲೋ ಮಿಡಿಗೆ (ಎಳೆ ಮಾವಿನಕಾಯಿಗೆ) 150 ಗ್ರಾಂ ಪುಡಿ ಉಪ್ಪು, ಐದು ದಿನ ಬಿಟ್ಟು ಖಾರ ಬೆರೆಸುವುದು – ಈಗ ಅನುಸರಿಸುತ್ತಿರುವ ಅಳತೆ ಇದು. ಆಷಾಢದ ಹೊತ್ತಿಗೆ ಮಿಡಿ ಮೆತ್ತಗಾಗಿ ಮೇಲೆ ಬಿಳಿ ಬೂಷ್ಟು ಕಟ್ಟುತ್ತದೆ. ಉಪ್ಪು ಸಾಲದೋ, ಮಿಡಿಯದೇ ದೋಷವೋ?

ಸೊನೆಮಿಡಿ:
ಉಪ್ಪಂತೂ ಸಾಲದು. ಕಿಲೋಗೆ 250 ಗ್ರಾಂ ಹರಳುಪ್ಪು ಬೇಕು. ಉಪ್ಪು ಕಡಿಮೆಯಾದರೆ ಮಿಡಿ ಬಿಟ್ಟುಕೊಳ್ಳುವ ನೀರಿನಲ್ಲೇ ಸೂಕ್ಷ್ಮಜೀವಿಗಳು ಬೆಳೆದು, ತಿರುಳನ್ನು ಬಿಗಿಯಾಗಿ ಹಿಡಿದಿರುವ ಪೆಕ್ಟಿನ್ ಅನ್ನು ಒಡೆಯುತ್ತವೆ. ಆಮೇಲೆ ಎಷ್ಟು ಖಾರ ಸುರಿದರೂ ಮಿಡಿ ಗಟ್ಟಿಯಾಗದು.

ಆದರೆ ಅರ್ಧ ಕೆಲಸ ಮರದಲ್ಲೇ ತೀರ್ಮಾನವಾಗಿರುತ್ತದೆ. ಒಂದು ಮಿಡಿ ಸೀಳಿ ನೋಡಿ: ಒಳಗಿನ ಗೊರಟು ಕತ್ತಿಗೆ ತಡೆದರೆ ಅದು ಬಲಿತ ಕಾಯಿ, ಉಪ್ಪಿನಲ್ಲಿ ಸರಿಯಾಗಿ ಚಿರುಟುವುದಿಲ್ಲ. ಬಡಿದು ಉದುರಿಸಿದ ಮಿಡಿ ಬೇಡವೇ ಬೇಡ. ಪೆಟ್ಟು ಬಿದ್ದ ಜಾಗದಿಂದಲೇ ಕೊಳೆ ಶುರು. ಅರ್ಧ ಇಂಚು ತೊಟ್ಟು ಉಳಿಸಿಕೊಳ್ಳಿ. ತೊಟ್ಟು ಮುರಿದರೆ ಸೊನೆ ಸೋರಿಹೋಗುತ್ತದೆ, ಪರಿಮಳ ಇರುವುದೇ ಅದರಲ್ಲಿ. ಮಾಳಂಜಿ, ಅನಂತಭಟ್ಟನ ಅಪ್ಪೆಯಂಥ ಒಳ್ಳೆಯ ತಳಿ ಸಿಕ್ಕಿದಾಗ ಈ ಎಚ್ಚರ ತಪ್ಪಿದರೆ ನಿಜಕ್ಕೂ ನಷ್ಟ.

ತೊಳೆದು, ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಪೂರ್ತಿ ಆರಿಸಿ. ಭರಣಿಯಲ್ಲಿ ಒಂದು ಪದರ ಮಿಡಿ, ಒಂದು ಪದರ ಉಪ್ಪು. ಕೊನೆಯಲ್ಲಿ ಉಪ್ಪೇ ಬರಲಿ. ಮೇಲೊಂದು ತಟ್ಟೆ, ಅದರ ಮೇಲೆ ಭಾರ. ದಿನಕ್ಕೊಮ್ಮೆ ಒಣಗಿದ ಮರದ ಸಟ್ಟುಗದಿಂದ ಮೇಲೆ ಕೆಳಗೆ ಮಾಡಿ. ಐದು ದಿನ ಏನೇನೂ ಸಾಲದು. ಹತ್ತರಿಂದ ಹದಿನೈದು ದಿನಕ್ಕೆ ಸಿಪ್ಪೆ ಸುಕ್ಕುಗಟ್ಟುತ್ತದೆ, ಅದೇ ಹದ.

ಒರಳುಕಲ್ಲು:
ಖಾರದ ಹಂತದಲ್ಲೂ ತಪ್ಪುವುದುಂಟು. ಉಪ್ಪುನೀರನ್ನು ಸೋಸಿ ಚೆನ್ನಾಗಿ ಕುದಿಸಿ, ಪೂರ್ತಿ ತಣಿಸಿ. ಬಿಸಿ ಇರುವಾಗಲೇ ಸಾಸಿವೆಗೆ ಹಾಕಿದರೆ ಅದರ ಘಾಟು ಸತ್ತುಹೋಗುತ್ತದೆ. ಕಿಲೋ ಮಿಡಿಗೆ 150 ಗ್ರಾಂ ಬ್ಯಾಡಗಿ ಮೆಣಸು, 80 ಗ್ರಾಂ ಸಾಸಿವೆ, ಒಂದು ದೊಡ್ಡ ಚಮಚ ಅರಿಸಿನ. ಮೆಣಸನ್ನು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಎಲ್ಲವನ್ನೂ ಆ ತಣಿದ ಉಪ್ಪುನೀರಲ್ಲೇ ನುಣ್ಣಗೆ ರುಬ್ಬಿ. ಬೇರೆ ನೀರು ಒಂದು ಹನಿಯೂ ಸೇರಬಾರದು. ಮಿಕ್ಸಿಯಾದರೆ ಬಿಟ್ಟು ಬಿಟ್ಟು ತಿರುಗಿಸಿ.

ಭರಣಿ:
ಈಗ ಬೂಷ್ಟು ಬಂದಿರುವುದನ್ನು ಉಳಿಸಬಹುದೇ?

ಸೊನೆಮಿಡಿ:
ತೆಳ್ಳನೆಯ ಬಿಳಿ ಪದರ ಮಾತ್ರ ಇದ್ದು, ವಾಸನೆ ಕೆಟ್ಟಿಲ್ಲದಿದ್ದರೆ ಅದನ್ನು ತೆಗೆದು, ಹುರಿದು ತಣಿಸಿದ ಉಪ್ಪು ಸೇರಿಸಿ ಬೇಗ ಬಳಸಿ ಮುಗಿಸಿ. ಹಸಿರು, ಕಪ್ಪು ಬೂಷ್ಟಾದರೆ ಇಡೀ ಭರಣಿ ಎಸೆಯಬೇಕು. ಮೇಲಿನದಷ್ಟೇ ತೆಗೆದರೆ ಸಾಲದು. ಮಿಡಿ ಯಾವಾಗಲೂ ರಸದಲ್ಲಿ ಮುಳುಗಿರಲಿ. ವರ್ಷಕ್ಕೆ ಇಡುವ ಭರಣಿಯನ್ನು ಪದೇ ಪದೇ ತೆರೆಯದೆ, ದಿನಬಳಕೆಗೆ ಸಣ್ಣ ಜಾಡಿಗೆ ತೆಗೆದಿಟ್ಟುಕೊಳ್ಳಿ.